ಚಲಿಸುವ ಕ್ಷ-ಕಿರಣ ಚಿತ್ರ: ಫ್ಲೋರೋಸ್ಕೋಪಿ ಪರೀಕ್ಷೆಯ ವಿಚಾರದಲ್ಲಿ ರೋಗಿಗಳು ತಿಳಿದಿರಬೇಕಾದ ಸಂಗತಿಗಳು

ರೋಗವು ದೇಹದ ಒಳಗಿರುತ್ತದೆ, ವೈದ್ಯನ ಕಣ್ಣು ಹೊರಗಿರುತ್ತದೆ. ಇವೆರಡರ ನಡುವಣ ಅಂತರವನ್ನು ತಗ್ಗಿಸಲು ನಡೆದ ಪ್ರಯತ್ನಗಳಲ್ಲಿ ಕ್ಷ-ಕಿರಣದ ಶೋಧಕ್ಕೆ ಮಿಗಿಲಾದ ಸ್ಥಾನವಿದೆ. ಎಲುಬು ಮುರಿದಾಗ ತೆಗೆಯುವ ಕ್ಷ-ಕಿರಣ ಚಿತ್ರವನ್ನು ಅರಿಯದವರು ಇಂದು ವಿರಳ. ಆದರೆ ಅದೇ ಕಿರಣದಿಂದ ಒಳಗಿನ ಅಂಗಗಳ ಚಲನೆಯನ್ನೇ ಪರದೆಯ ಮೇಲೆ ಕಾಣುವ ‘ಫ್ಲೋರೋಸ್ಕೋಪಿ’ ಎಂಬ ಪರೀಕ್ಷೆಯ ವಿಚಾರದಲ್ಲಿ ಜನರ ತಿಳಿವಳಿಕೆ ಇನ್ನೂ ಅಲ್ಪವಾಗಿದೆ. ವೈದ್ಯರು ಬರೆದುಕೊಟ್ಟ ಚೀಟಿಯನ್ನು ಹಿಡಿದು ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತ ರೋಗಿಗೆ ಒಳಗೆ ಏನು ನಡೆಯಲಿದೆ ಎಂಬುದು ತಿಳಿದಿರುವುದಿಲ್ಲ. ತಿಳಿಯದುದರಿಂದ ಭಯ ಹುಟ್ಟುತ್ತದೆ. ಭಯದಿಂದ ಕೆಲವರು ಅವಶ್ಯವಾದ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುತ್ತಾರೆ. ಮತ್ತೆ ಕೆಲವರು ಯಂತ್ರದ ಮೇಲಿನ ಅತಿಯಾದ ನಂಬಿಕೆಯಿಂದ ಬೇಡದ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳುತ್ತಾರೆ. ಇವೆರಡೂ ಹಿತಕರವಲ್ಲ.

ಯಂತ್ರವು ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಕಾಣಲಾರದ ಕೆಲವು ಸಂಗತಿಗಳಿವೆ. ರೋಗಿಗೆ ಹಿಂದೆ ಯಾವ ಔಷಧಿ ಒಗ್ಗಲಿಲ್ಲ, ಸ್ತ್ರೀಯು ಗರ್ಭಿಣಿಯಾಗಿರುವ ಸಂಭವವಿದೆಯೇ, ಕಳೆದ ತಿಂಗಳು ಮತ್ತೊಂದು ಊರಿನಲ್ಲಿ ಇದೇ ಪರೀಕ್ಷೆ ನಡೆದಿದೆಯೇ ಎಂಬುವನ್ನು ಪರದೆಯು ತೋರಿಸುವುದಿಲ್ಲ. ಅವನ್ನು ರೋಗಿಯೇ ಹೇಳಬೇಕು. ಆದುದರಿಂದ ಈ ಪರೀಕ್ಷೆಯ ಸುರಕ್ಷತೆಯ ಒಂದು ಪಾಲು ಯಂತ್ರದಲ್ಲಿದ್ದರೆ, ಒಂದು ಪಾಲು ವೈದ್ಯರಲ್ಲಿ, ಮತ್ತೊಂದು ಪಾಲು ರೋಗಿಯ ಮಾತಿನಲ್ಲಿದೆ. ಈ ಮೂರನೆಯ ಪಾಲನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ವಿಷಯವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಹುಟ್ಟು ಮತ್ತು ಬೆಳವಣಿಗೆ

1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲ್ಹೆಲ್ಮ್ ರಾಂಟ್‌ಜನ್ ಅವರು ಕತ್ತಲೆಯ ಕೋಣೆಯಲ್ಲಿ ಪ್ರಯೋಗ ನಡೆಸುತ್ತಿದ್ದಾಗ, ಕಪ್ಪು ಕಾಗದದಿಂದ ಮುಚ್ಚಿದ್ದ ವಿದ್ಯುತ್ ನಳಿಗೆಯಿಂದ ದೂರದಲ್ಲಿದ್ದ ಒಂದು ಪರದೆಯು ಮಿನುಗುವುದನ್ನು ಕಂಡರು. ಆ ಪರದೆಗೆ ಬೇರಿಯಂ ಪ್ಲಾಟಿನೋಸಯನೈಡ್ ಎಂಬ ಲವಣವನ್ನು ಲೇಪಿಸಲಾಗಿತ್ತು. ಕಣ್ಣಿಗೆ ಕಾಣದ ಕಿರಣವು ತಾಗಿದಾಗ ಕೆಲವು ವಸ್ತುಗಳು ಕಾಣುವ ಬೆಳಕನ್ನು ಸೂಸುತ್ತವೆ. ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಛಾಯಾಚಿತ್ರದ ಫಲಕಕ್ಕೂ ಮೊದಲು ಮಿನುಗುವ ಪರದೆಯೇ ಕ್ಷ-ಕಿರಣದ ಇರವನ್ನು ತೋರಿಸಿಕೊಟ್ಟಿತು. ಆ ಅರ್ಥದಲ್ಲಿ ಫ್ಲೋರೋಸ್ಕೋಪಿಯು ಕ್ಷ-ಕಿರಣದಷ್ಟೇ ಹಳೆಯದು. ಈ ಶೋಧಕ್ಕಾಗಿ ರಾಂಟ್‌ಜನ್ ಅವರಿಗೆ 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ದೊರೆಯಿತು. ಅವರು ಇದಕ್ಕೆ ಸ್ವಾಮ್ಯದ ಹಕ್ಕನ್ನು ಪಡೆಯದೆ ಲೋಕದ ಉಪಯೋಗಕ್ಕೆ ಬಿಟ್ಟುಕೊಟ್ಟರು.

1896ರಲ್ಲಿ ಅಮೆರಿಕದ ಥಾಮಸ್ ಎಡಿಸನ್ ಅವರು ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಲೇಪಿಸಿದ ಪರದೆಯುಳ್ಳ ಉಪಕರಣವನ್ನು ರಚಿಸಿದರು. ಅವರ ಸಹಾಯಕ ಕ್ಲಾರೆನ್ಸ್ ಡಾಲಿ ತಮ್ಮ ಕೈಗಳನ್ನೇ ಮತ್ತೆ ಮತ್ತೆ ಕಿರಣಕ್ಕೆ ಒಡ್ಡಿ ಪ್ರಯೋಗ ಮಾಡುತ್ತಿದ್ದರು. ಮೊದಲು ಚರ್ಮ ಸುಟ್ಟಿತು, ಆಮೇಲೆ ಹುಣ್ಣಾಯಿತು, ಕೊನೆಗೆ ಅದು ಅರ್ಬುದಕ್ಕೆ ತಿರುಗಿತು. ಕೈಗಳನ್ನು ಕತ್ತರಿಸಿದರೂ ಜೀವ ಉಳಿಯಲಿಲ್ಲ. 1904ರಲ್ಲಿ ಅವರು ತೀರಿಕೊಂಡರು. ಎಡಿಸನ್ ಕ್ಷ-ಕಿರಣದ ಕೆಲಸವನ್ನೇ ಕೈಬಿಟ್ಟರು. ಕಿರಣವು ನೋವಿಲ್ಲದೆ ಒಳಹೊಗುತ್ತದೆ, ಆದರೆ ಅಳತೆ ಮೀರಿದರೆ ಗುರುತು ಉಳಿಸಿಹೋಗುತ್ತದೆ ಎಂಬ ಪಾಠವನ್ನು ಲೋಕವು ಇಂತಹವರ ದೇಹಗಳಿಂದ ಕಲಿಯಬೇಕಾಯಿತು.

ಅದೇ ಕಾಲದಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ ಅವರು ಬಿಸ್ಮತ್ ಲವಣ ಬೆರೆಸಿದ ಆಹಾರವನ್ನು ಬೆಕ್ಕಿಗೆ ತಿನ್ನಿಸಿ, ಅದರ ಜಠರದ ಚಲನೆಯನ್ನು ಪರದೆಯ ಮೇಲೆ ನೋಡಿ, 1898ರಲ್ಲಿ ಪ್ರಕಟಿಸಿದರು. ಬೆಕ್ಕು ಸಿಟ್ಟಿಗೆದ್ದಾಗ ಅಥವಾ ಕಳವಳಗೊಂಡಾಗ ಜಠರದ ಅಲೆಗಳು ನಿಂತುಹೋಗುತ್ತಿದ್ದವು. ಸಮಾಧಾನಗೊಂಡಾಗ ಮತ್ತೆ ಆರಂಭವಾಗುತ್ತಿದ್ದವು. ಮನಸ್ಸಿನ ಕಳವಳವು ಹೊಟ್ಟೆಯ ಕೆಲಸವನ್ನು ನಿಲ್ಲಿಸುತ್ತದೆ ಎಂಬುದು ಹೀಗೆ ಕಣ್ಣಾರೆ ಸಿದ್ಧವಾಯಿತು. ರೋಗಿಗೆ ಪರೀಕ್ಷೆಯ ಸ್ವರೂಪವನ್ನು ಮೊದಲೇ ತಿಳಿಸಿ ಧೈರ್ಯ ಹೇಳುವುದು ಕೇವಲ ಉಪಚಾರವಲ್ಲ, ಪರೀಕ್ಷೆಗೇ ಅಗತ್ಯವಾದುದು ಎಂಬುದಕ್ಕೆ ಇದು ಆಧಾರವಾಗಿದೆ.

ಹಳೆಯ ಪರದೆಯ ಬೆಳಕು ಬಹು ಮಂದವಾಗಿತ್ತು. ವೈದ್ಯರು ಕೆಂಪು ಗಾಜಿನ ಕನ್ನಡಕ ಧರಿಸಿ, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾದು, ಬಳಿಕ ಕತ್ತಲೆಯ ಕೋಣೆಯಲ್ಲಿ ನೋಡಬೇಕಾಗಿತ್ತು. 1948ರಲ್ಲಿ ಅಮೆರಿಕದ ಜಾನ್ ಕೋಲ್ಟ್‌ಮನ್ ಅವರು ಚಿತ್ರದ ಬೆಳಕನ್ನು ಅನೇಕ ಪಟ್ಟು ಹೆಚ್ಚಿಸುವ ನಳಿಗೆಯ ವಿವರವನ್ನು ಪ್ರಕಟಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಚಿತ್ರವು ದೂರದರ್ಶನದಂತಹ ತೆರೆಯ ಮೇಲೆ ಮೂಡತೊಡಗಿತು. ಇಂದಿನ ಹೊಸ ಯಂತ್ರಗಳಲ್ಲಿ ಚಪ್ಪಟೆಯಾದ ಗ್ರಾಹಕ ಫಲಕವು ಕಿರಣವನ್ನು ನೇರವಾಗಿ ಗಣಕದ ಚಿತ್ರವಾಗಿ ಮಾರ್ಪಡಿಸುತ್ತದೆ.

ಯಂತ್ರದ ಕಾರ್ಯವಿಧಾನ

ಸಾಮಾನ್ಯ ಕ್ಷ-ಕಿರಣ ಪರೀಕ್ಷೆಯಲ್ಲಿ ಕಿರಣವು ಕ್ಷಣಮಾತ್ರ ಹಾಯ್ದು ಒಂದು ಚಿತ್ರ ಮೂಡುತ್ತದೆ. ಫ್ಲೋರೋಸ್ಕೋಪಿಯಲ್ಲಾದರೋ ವೈದ್ಯರು ಕಾಲಿನಿಂದ ಗುಂಡಿಯನ್ನು ಒತ್ತಿದಷ್ಟು ಹೊತ್ತೂ ಕಿರಣವು ಹಾಯುತ್ತದೆ. ಆ ಹೊತ್ತಿನಲ್ಲಿ ನುಂಗಿದ ಗುಟುಕು ಅನ್ನನಾಳದಲ್ಲಿ ಇಳಿಯುವುದು, ಜಠರವು ಹಿಂಡಿಕೊಳ್ಳುವುದು, ನಾಳದಲ್ಲಿ ಔಷಧಿ ಹರಿಯುವುದು ಇವೆಲ್ಲ ಚಲನಚಿತ್ರದಂತೆ ಕಾಣುತ್ತವೆ. ಛಾಯಾಚಿತ್ರಕ್ಕೂ ಸಿನಿಮಾಕ್ಕೂ ಇರುವ ವ್ಯತ್ಯಾಸವೇ ಇವೆರಡಕ್ಕೂ ಇದೆ. ಈಗಿನ ಯಂತ್ರಗಳು ಕಿರಣವನ್ನು ಎಡೆಬಿಡದೆ ಹರಿಸದೆ, ಸೆಕೆಂಡಿಗೆ ಇಂತಿಷ್ಟು ಮಿಡಿತಗಳೆಂದು ತುಣುಕು ತುಣುಕಾಗಿ ಬಿಡುತ್ತವೆ. ಮಿಡಿತಗಳನ್ನು ಕಡಿಮೆ ಮಾಡಿದಷ್ಟೂ ರೋಗಿಗೆ ತಗಲುವ ಕಿರಣದ ಪ್ರಮಾಣ ಇಳಿಯುತ್ತದೆ. ಕೊನೆಯ ಚಿತ್ರವನ್ನು ತೆರೆಯ ಮೇಲೆ ನಿಲ್ಲಿಸಿಕೊಂಡು, ಕಿರಣವಿಲ್ಲದೆಯೇ ಅದನ್ನು ನೋಡುವ ಅನುಕೂಲವೂ ಇದೆ. ಕಿರಣ ಹಾಯ್ದ ಒಟ್ಟು ಕಾಲವನ್ನು ಲೆಕ್ಕವಿಡುವ ಗಡಿಯಾರವು ನಿಗದಿಯಾದ ಅವಧಿ ಮುಗಿದಾಗ ಸದ್ದು ಮಾಡಿ ಎಚ್ಚರಿಸುತ್ತದೆ.

ಈ ವಿಧಾನದ ಬಳಕೆ ವಿಸ್ತಾರವಾದುದು. ಅನ್ನನಾಳ, ಜಠರ, ಕರುಳುಗಳ ಬೇರಿಯಂ ಪರೀಕ್ಷೆ; ಮಕ್ಕಳಲ್ಲಿ ಮೂತ್ರವು ಮೂತ್ರಕೋಶದಿಂದ ಹಿಮ್ಮುಖವಾಗಿ ಮೂತ್ರಪಿಂಡದತ್ತ ಹೋಗುತ್ತಿದೆಯೇ ಎಂದು ನೋಡುವ ಪರೀಕ್ಷೆ; ಮಕ್ಕಳಾಗದ ಸ್ತ್ರೀಯರಲ್ಲಿ ಅಂಡನಾಳಗಳು ತೆರೆದಿವೆಯೇ ಎಂದು ನೋಡುವ ‘ಎಚ್.ಎಸ್.ಜಿ.’, ಹೃದಯದ ರಕ್ತನಾಳಗಳ ಆಂಜಿಯೋಗ್ರಾಂ, ಅವುಗಳಲ್ಲಿ ಸ್ಟೆಂಟ್ ಅಳವಡಿಸುವ ಚಿಕಿತ್ಸೆ, ಪೇಸ್‌ಮೇಕರ್ ಅಳವಡಿಕೆ, ಮುರಿದ ಎಲುಬಿಗೆ ಸರಳು ಹಾಕುವಾಗ ಶಸ್ತ್ರಕ್ರಿಯಾ ಕೋಣೆಯಲ್ಲಿ ಬಳಸುವ ‘ಸಿ-ಆರ್ಮ್’ ಯಂತ್ರ—ಇವೆಲ್ಲಕ್ಕೂ ಆಧಾರ ಫ್ಲೋರೋಸ್ಕೋಪಿಯೇ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಶಬ್ದತರಂಗದಿಂದಲೂ, ಎಂ.ಆರ್.ಐ. ಅಯಸ್ಕಾಂತದ ಬಲದಿಂದಲೂ ನಡೆಯುವಂತಹವು, ಅವುಗಳಲ್ಲಿ ಕ್ಷ-ಕಿರಣವಿಲ್ಲ. ಎಲ್ಲವನ್ನೂ ‘ಸ್ಕ್ಯಾನಿಂಗ್’ ಎಂಬ ಒಂದೇ ಹೆಸರಿನಿಂದ ಕರೆಯುವ ರೂಢಿಯಿರುವುದರಿಂದ ಈ ಭೇದವನ್ನು ಅರಿತಿರುವುದು ಅವಶ್ಯ.

ಬೇರಿಯಂ ಪರೀಕ್ಷೆಯ ಕ್ರಮ

ಈ ಪರೀಕ್ಷೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು ಬೇರಿಯಂ ಪರೀಕ್ಷೆ. ನುಂಗಲು ಕಷ್ಟವಾಗುವುದು, ತಿಂದ ಅನ್ನ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು ಮೊದಲಾದ ಲಕ್ಷಣಗಳಿದ್ದಾಗ ಇದನ್ನು ಮಾಡಿಸುತ್ತಾರೆ. ಅನ್ನನಾಳ ಮತ್ತು ಜಠರಗಳ ಮೃದುವಾದ ಗೋಡೆಗಳನ್ನು ಕ್ಷ-ಕಿರಣವು ಸುಲಭವಾಗಿ ದಾಟಿಹೋಗುವುದರಿಂದ ಅವು ಸ್ಪಷ್ಟವಾಗಿ ಕಾಣುವುದಿಲ್ಲ. ಕಿರಣವನ್ನು ತಡೆಯುವ ಬೇರಿಯಂ ಸಲ್ಫೇಟನ್ನು ಕುಡಿಸಿದರೆ ಅಂಗದ ಒಳ ಆಕಾರವು ಎದ್ದು ತೋರುತ್ತದೆ. 1910ರ ಸುಮಾರಿನಿಂದ ಈ ಲವಣವು ಬಳಕೆಯಲ್ಲಿದೆ. ಬೇರಿಯಂನ ಕರಗುವ ಲವಣಗಳು ವಿಷ. ಬೇರಿಯಂ ಸಲ್ಫೇಟ್ ನೀರಿನಲ್ಲಿ ಕರಗದು, ರಕ್ತಕ್ಕೆ ಸೇರದು, ಬಂದ ದಾರಿಯಲ್ಲೇ ಮಲದೊಡನೆ ಹೊರಹೋಗುತ್ತದೆ. ಆದುದರಿಂದ ಅದನ್ನು ಕುಡಿಯಲು ಅಂಜಬೇಕಾಗಿಲ್ಲ. ನೋಡಲು ಗಟ್ಟಿ ಮಜ್ಜಿಗೆಯಂತಿದ್ದು, ಸುಣ್ಣದ ಹಿಟ್ಟನ್ನು ಕಲಸಿದಂತೆ ನಾಲಿಗೆಗೆ ಸಪ್ಪೆಯಾಗಿರುತ್ತದೆ.

ಪರೀಕ್ಷೆಗೆ ಮುನ್ನ ಜಠರವು ಬರಿದಾಗಿರಬೇಕು. ಸಾಮಾನ್ಯವಾಗಿ ಹಿಂದಿನ ರಾತ್ರಿಯ ಊಟದ ಬಳಿಕ ಏನನ್ನೂ ಸೇವಿಸದೆ ಬರಬೇಕೆಂದು ಹೇಳಲಾಗುತ್ತದೆ. ‘ಒಂದು ಲೋಟ ಕಾಫಿ ಕುಡಿದರೆ ಏನಾಯಿತು’ ಎಂದು ಭಾವಿಸುವುದು ಸರಿಯಲ್ಲ. ಜಠರದಲ್ಲಿ ಉಳಿದ ಪದಾರ್ಥವು ಗಡ್ಡೆಯಂತೆ ಕಂಡು ತಪ್ಪು ನಿರ್ಣಯಕ್ಕೆ ದಾರಿಯಾಗಬಹುದು. ತಂಬಾಕು, ಎಲೆಅಡಿಕೆಗಳನ್ನೂ ಬಿಡಬೇಕು. ದೊಡ್ಡ ಕರುಳಿನ ಪರೀಕ್ಷೆಯಾದರೆ ಬೇರಿಯಂ ದ್ರವವನ್ನು ಗುದದ್ವಾರದ ಮೂಲಕ ಎನಿಮಾದಂತೆ ಏರಿಸುತ್ತಾರೆ. ಅದಕ್ಕೆ ಮುನ್ನ ಲಘು ಆಹಾರ, ಭೇದಿಯ ಔಷಧಿಗಳಿಂದ ಕರುಳನ್ನು ಪೂರ್ಣ ಶುದ್ಧಿಗೊಳಿಸಬೇಕು. ಸಕ್ಕರೆ ಕಾಯಿಲೆಯವರು ಉಪವಾಸದ ದಿನ ಎಂದಿನಂತೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಂದಿನ ಔಷಧಿಯ ವಿಚಾರವನ್ನು ಹಿಂದಿನ ದಿನವೇ ವೈದ್ಯರಲ್ಲಿ ಕೇಳಿಕೊಂಡು, ಸಾಧ್ಯವಾದಷ್ಟು ಬೆಳಗಿನ ಮೊದಲ ಸರದಿಯನ್ನು ಪಡೆಯುವುದು ಲೇಸು.

ಲೋಹದ ವಸ್ತುಗಳು ಕಿರಣವನ್ನು ತಡೆಯುತ್ತವೆ. ಸರ, ಉಡಿದಾರ, ತಾಯಿತ, ಗುಂಡುಪಿನ್ನು, ಹುಕ್ಕುಗಳುಳ್ಳ ಉಡುಪು ಇವನ್ನು ಕಳಚಿಡಬೇಕಾಗುತ್ತದೆ. ಎದೆಯ ಮೇಲೆ ಧರಿಸಿದ ಬೆಳ್ಳಿಯ ಕರಡಿಗೆಯೂ ಅನ್ನನಾಳದ ಚಿತ್ರದ ಮೇಲೆ ನೆರಳನ್ನು ಬೀಳಿಸುತ್ತದೆ. ಅದನ್ನು ದೇಹದಿಂದ ಅಗಲಿಸಲು ಇಚ್ಛಿಸದವರು ಈ ವಿಷಯವನ್ನು ಮೊದಲೇ ತಿಳಿಸಿ, ಪರೀಕ್ಷೆಯ ಭಾಗದಿಂದ ದೂರವಾಗಿ ತೋಳಿಗೋ ಬೇರೆಡೆಗೋ ಸರಿಸಿಕೊಳ್ಳಲು ಅನುಮತಿ ಕೇಳಬಹುದು. ಕೇಳದೆ ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡರೆ ಚಿತ್ರವನ್ನು ಮತ್ತೆ ತೆಗೆಯಬೇಕಾಗಿ ಕಿರಣದ ಪ್ರಮಾಣವೇ ಹೆಚ್ಚುತ್ತದೆ.

ಒಳಗೆ ರೋಗಿಯನ್ನು ನಿಲ್ಲಿಸಿ ಅಥವಾ ಮೇಜಿನ ಮೇಲೆ ಮಲಗಿಸಿ, ಗುಟುಕು ಗುಟುಕಾಗಿ ದ್ರವವನ್ನು ಕುಡಿಸುತ್ತಾರೆ. ಮೇಜು ಓರೆಯಾಗುವುದುಂಟು, ಪಕ್ಕಕ್ಕೆ ಹೊರಳಲು, ಉಸಿರು ಹಿಡಿಯಲು ಹೇಳುವುದುಂಟು. ಹೇಳಿದಂತೆ ಉಸಿರು ಹಿಡಿದು ಅಲುಗದೆ ಇದ್ದರೆ ಚಿತ್ರವು ಒಮ್ಮೆಗೇ ಸ್ಪಷ್ಟವಾಗುತ್ತದೆ. ಅನ್ನನಾಳ, ಜಠರಗಳ ಪರೀಕ್ಷೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅದರಲ್ಲಿ ಕಿರಣ ಹಾಯುವ ಕಾಲ ಕೆಲವೇ ನಿಮಿಷಗಳು. ಸಣ್ಣ ಕರುಳಿನ ಪರೀಕ್ಷೆಯಾದರೆ ದ್ರವವು ಮುಂದುವರಿಯುವವರೆಗೆ ಕೆಲವು ಗಂಟೆ ಕಾಯಬೇಕಾಗಬಹುದು. ನೀರು ಕುಡಿಯುವಾಗ ಕೆಮ್ಮು ಬರುವವರು ಅದನ್ನು ಆರಂಭದಲ್ಲೇ ಹೇಳಬೇಕು. ದ್ರವವು ಶ್ವಾಸನಾಳಕ್ಕೆ ಇಳಿಯದಂತೆ ಎಚ್ಚರ ವಹಿಸಬೇಕಾಗುತ್ತದೆ. ಕರುಳು ಅಥವಾ ಜಠರದಲ್ಲಿ ರಂಧ್ರವಾಗಿರುವ ಶಂಕೆಯಿದ್ದಾಗ ಬೇರಿಯಂ ಕೊಡದೆ ನೀರಿನಲ್ಲಿ ಕರಗುವ ಅಯೋಡಿನ್‌ಯುಕ್ತ ದ್ರವವನ್ನು ಬಳಸುತ್ತಾರೆ. ಇತ್ತೀಚೆಗೆ ಹೊಟ್ಟೆಯ ಶಸ್ತ್ರಕ್ರಿಯೆ ಆಗಿದ್ದರೆ ಮರೆಯದೆ ತಿಳಿಸಬೇಕಾದುದು ಇದಕ್ಕಾಗಿಯೇ.

ಪರೀಕ್ಷೆಯ ನಂತರ ಒಂದೆರಡು ದಿನ ಮಲವು ಬೆಳ್ಳಗಿರುತ್ತದೆ, ಇದು ಸಹಜ. ಬೇರಿಯಂ ಕರುಳಿನಲ್ಲಿ ಗಟ್ಟಿಯಾಗಿ ಮಲಬದ್ಧತೆ ಉಂಟಾಗದಂತೆ ನೀರು, ಮಜ್ಜಿಗೆ, ತರಕಾರಿ, ಹಣ್ಣುಗಳನ್ನು ಹೆಚ್ಚಾಗಿ ಸೇವಿಸಬೇಕು. ನೀರನ್ನು ಮಿತಗೊಳಿಸಬೇಕೆಂದು ವೈದ್ಯರು ವಿಧಿಸಿರುವ ಹೃದ್ರೋಗಿಗಳು, ಮೂತ್ರಪಿಂಡದ ರೋಗಿಗಳು ತಮ್ಮ ವೈದ್ಯರನ್ನು ಕೇಳಿ ನಡೆಯಬೇಕು. ಎರಡು ಮೂರು ದಿನಗಳಾದರೂ ಮಲವಿಸರ್ಜನೆಯಾಗದಿದ್ದರೆ, ಹೊಟ್ಟೆ ಉಬ್ಬರಿಸಿದರೆ, ತೀವ್ರವಾಗಿ ನೋವಾದರೆ ಆಸ್ಪತ್ರೆಗೆ ತೋರಿಸಬೇಕು. ಮತ್ತೊಂದು ಸಂಗತಿ: ಒಳಗೆ ಉಳಿದ ಬೇರಿಯಂ ಅಲ್ಟ್ರಾಸೌಂಡ್, ಸಿ.ಟಿ. ಪರೀಕ್ಷೆಗಳಿಗೆ ಅಡ್ಡಿಯಾಗುವುದರಿಂದ, ಅವನ್ನೂ ಮಾಡಿಸಬೇಕಾಗಿದ್ದಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದನ್ನು ವೈದ್ಯರಲ್ಲಿ ಕೇಳಿ ನಿಶ್ಚಯಿಸಿಕೊಳ್ಳಬೇಕು.

ಅಯೋಡಿನ್‌ಯುಕ್ತ ಔಷಧಿಯ ವಿಚಾರ

ರಕ್ತನಾಳಗಳ ಪರೀಕ್ಷೆಗೆ ಬೇರಿಯಂ ಸಲ್ಲದು. ಅಲ್ಲಿ ಅಯೋಡಿನ್ ಅಂಶವುಳ್ಳ ‘ಕಾಂಟ್ರಾಸ್ಟ್’ ದ್ರವವನ್ನು ಚುಚ್ಚಿ ಹರಿಸುತ್ತಾರೆ. ಜನರ ಮಾತಿನಲ್ಲಿ ಇದಕ್ಕೆ ‘ಡೈ’ ಎಂಬ ಹೆಸರಿದೆ. ಚುಚ್ಚಿದಾಗ ಮೈಯೆಲ್ಲ ಬೆಚ್ಚಗಾದಂತೆ, ಬಾಯಲ್ಲಿ ಲೋಹದ ರುಚಿ ಬಂದಂತೆ ತೋರಬಹುದು. ಇದು ಕ್ಷಣಕಾಲದ್ದು. ಆದರೆ ಮೈಮೇಲೆ ತುರಿಕೆ, ದದ್ದು, ತುಟಿ ಅಥವಾ ಗಂಟಲಿನ ಊತ, ಉಸಿರುಕಟ್ಟುವಿಕೆ ಕಂಡಲ್ಲಿ ಸಂಕೋಚಪಡದೆ ಕೂಡಲೇ ಹೇಳಬೇಕು. ಹಿಂದೆ ಇಂತಹ ಔಷಧಿಯಿಂದ ತೊಂದರೆಯಾಗಿದ್ದವರಿಗೆ ಮತ್ತೆ ಆಗುವ ಸಂಭವ ಹೆಚ್ಚು. ಮೀನು, ಸಿಗಡಿ ಒಗ್ಗದವರಿಗೆ ಈ ಔಷಧಿಯೂ ಒಗ್ಗದೆಂಬ ನಂಬಿಕೆ ಬಹುಕಾಲ ಪ್ರಚಾರದಲ್ಲಿತ್ತು. ಇವೆರಡಕ್ಕೂ ನೇರ ಸಂಬಂಧವಿಲ್ಲವೆಂಬುದು ಈಗಿನ ತಿಳಿವು.

ಮೂತ್ರಪಿಂಡದ ದೌರ್ಬಲ್ಯವುಳ್ಳವರಲ್ಲಿ ಈ ಔಷಧಿಯು ಹೊರೆಯಾಗಬಹುದಾದುದರಿಂದ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನು ಮೊದಲು ಮಾಡಿಸುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುವವರ ಮೂತ್ರಪಿಂಡ ದುರ್ಬಲವಾಗಿದ್ದರೆ ಮಾತ್ರೆಯನ್ನು ಎರಡು ದಿನ ನಿಲ್ಲಿಸಲು ವೈದ್ಯರು ಹೇಳಬಹುದು. ಥೈರಾಯ್ಡ್ ತೊಂದರೆಯಿರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ಸಹ ಅದನ್ನು ಮುಂಚಿತವಾಗಿ ತಿಳಿಸಬೇಕು. ಆದರೆ ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬಾರದು. ಎದೆಹಾಲೂಡುವ ತಾಯಂದಿರು ಈ ಔಷಧಿಯ ನಂತರವೂ ಹಾಲೂಡಿಸುವುದನ್ನು ಮುಂದುವರಿಸಬಹುದು. ಹಾಲಿಗೆ ಸೇರುವ ಅಂಶ ತೀರ ಅಲ್ಪ.

ಕಿರಣದ ಅಳತೆ

ಕಿರಣದಿಂದ ದೇಹದ ಮೇಲಾಗುವ ಒಟ್ಟು ಪರಿಣಾಮವನ್ನು ‘ಮಿಲಿಸೀವರ್ಟ್’ ಎಂಬ ಮಾನದಿಂದ ಅಳೆಯುತ್ತಾರೆ. ಭೂಮಿ, ಆಕಾಶ, ಗಾಳಿ, ಆಹಾರಗಳಿಂದ ಪ್ರತಿಯೊಬ್ಬ ಮನುಷ್ಯನಿಗೂ ಸಹಜವಾಗಿಯೇ ವರ್ಷಕ್ಕೆ ಲೋಕದ ಸರಾಸರಿಯಲ್ಲಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತಿರುತ್ತದೆ. ಎದೆಯ ಒಂದು ಕ್ಷ-ಕಿರಣ ಚಿತ್ರಕ್ಕೆ ಸುಮಾರು 0.02, ಜಠರದ ಬೇರಿಯಂ ಪರೀಕ್ಷೆಗೆ ಸುಮಾರು 6, ದೊಡ್ಡ ಕರುಳಿನ ಬೇರಿಯಂ ಪರೀಕ್ಷೆಗೆ ಸುಮಾರು 8, ಹೃದಯದ ಆಂಜಿಯೋಗ್ರಾಂಗೆ ಸುಮಾರು 7, ಸ್ಟೆಂಟ್ ಅಳವಡಿಕೆಗೆ ಸುಮಾರು 15 ಮಿಲಿಸೀವರ್ಟ್ ಎಂದು ಸರಾಸರಿ ಲೆಕ್ಕವಿದೆ. ಜಠರದ ಒಂದು ಪರೀಕ್ಷೆಯೆಂದರೆ ಎರಡೂವರೆ ವರ್ಷ ಸಹಜವಾಗಿ ತಗಲುವಷ್ಟು ಕಿರಣವೆಂದಾಯಿತು. ಯಂತ್ರ, ರೋಗಿಯ ದೇಹಗಾತ್ರ, ಪರೀಕ್ಷೆಯ ಅವಧಿಗಳಿಗೆ ತಕ್ಕಂತೆ ಈ ಅಂಕಿಗಳು ಹೆಚ್ಚು ಕಡಿಮೆಯಾಗುತ್ತವೆ.

ಇದರಿಂದಾಗುವ ಅಪಾಯವೆಷ್ಟು? ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಅಂದಾಜಿನಂತೆ 1000 ಮಿಲಿಸೀವರ್ಟಿಗೆ ಸುಮಾರು ನೂರಕ್ಕೆ ಐದರಷ್ಟು ಅಪಾಯವೆಂದು ಹಿಡಿದರೆ, 10 ಮಿಲಿಸೀವರ್ಟಿನ ಪರೀಕ್ಷೆಯಿಂದ ಮುಂದೆಂದೋ ಮಾರಕ ಅರ್ಬುದ ಬರಬಹುದಾದ ಹೆಚ್ಚುವರಿ ಸಂಭವವು ಎರಡು ಸಾವಿರಕ್ಕೆ ಒಂದರಷ್ಟಾಗುತ್ತದೆ. ಇದು ಅಂದಾಜೇ ಹೊರತು ಒಬ್ಬ ವ್ಯಕ್ತಿಯ ಭವಿಷ್ಯವಲ್ಲ. ಅನ್ನನಾಳದಲ್ಲಿ ನಿಜವಾಗಿಯೇ ಅಡಚಣೆಯಿರುವ ರೋಗಿಯು ಈ ಸಣ್ಣ ಸಂಭವಕ್ಕೆ ಅಂಜಿ ಪರೀಕ್ಷೆಯನ್ನು ಬಿಡುವುದು ಜಾಣತನವಲ್ಲ. ಆದರೆ ಕಾರಣವಿಲ್ಲದೆ ಅದೇ ಪರೀಕ್ಷೆಯನ್ನು ಮರಳಿ ಮರಳಿ ಮಾಡಿಸುವುದೂ ಜಾಣತನವಲ್ಲ.

ಪುನರಾವರ್ತನೆಯ ದುಷ್ಪರಿಣಾಮಕ್ಕೆ ಇತಿಹಾಸದಲ್ಲಿ ನಿದರ್ಶನವಿದೆ. ಕ್ಷಯರೋಗಕ್ಕೆ ಪರಿಣಾಮಕಾರಿ ಔಷಧಿಗಳು ದೊರೆಯುವ ಮುನ್ನ, ಎದೆಗೂಡಿಗೆ ಗಾಳಿ ತುಂಬಿ ಶ್ವಾಸಕೋಶವನ್ನು ಕುಗ್ಗಿಸುವ ಚಿಕಿತ್ಸೆ ನಡೆಯುತ್ತಿತ್ತು. ಪ್ರತಿ ಸಲವೂ ಫ್ಲೋರೋಸ್ಕೋಪಿಯಿಂದ ನೋಡಬೇಕಾಗಿದ್ದುದರಿಂದ ಒಬ್ಬ ರೋಗಿಗೆ ಹಲವಾರು ವರ್ಷಗಳಲ್ಲಿ ನೂರಾರು ಬಾರಿ ಕಿರಣ ತಗಲುತ್ತಿತ್ತು. ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದಲ್ಲಿ ಹೀಗೆ ಚಿಕಿತ್ಸೆ ಪಡೆದ ಸ್ತ್ರೀಯರಲ್ಲಿ ಸ್ತನದ ಅರ್ಬುದ ಹೆಚ್ಚಾಗಿರುವುದನ್ನು ವೈದ್ಯ ಇಯಾನ್ ಮೆಕೆಂಜಿ ಅವರು 1965ರಲ್ಲಿ ವರದಿ ಮಾಡಿದರು. ಒಂದೊಂದು ಸಲದ ಪ್ರಮಾಣ ಅಲ್ಪವಾಗಿದ್ದರೂ ಹನಿ ಹನಿ ಕೂಡಿದರೆ ಹಳ್ಳವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯ ವಿಧದ ಅಪಾಯವು ಚರ್ಮಕ್ಕೆ ಸಂಬಂಧಿಸಿದುದು. ಸಾಮಾನ್ಯ ಬೇರಿಯಂ ಪರೀಕ್ಷೆಯಲ್ಲಿ ಇದರ ಭಯವಿಲ್ಲ. ಹೃದಯ ಅಥವಾ ಮೆದುಳಿನ ರಕ್ತನಾಳಗಳ ಚಿಕಿತ್ಸೆ ಬಹಳ ಹೊತ್ತು ನಡೆದು ಚರ್ಮದ ಒಂದೇ ಸ್ಥಳಕ್ಕೆ 2 ಗ್ರೇ ಪ್ರಮಾಣವನ್ನು ಮೀರಿ ಕಿರಣ ತಗಲಿದರೆ ಅಲ್ಲಿ ಕೆಂಪಾಗಬಹುದು. ಇನ್ನೂ ಹೆಚ್ಚಿದರೆ ಕೂದಲು ಉದುರಬಹುದು, ಹುಣ್ಣೂ ಆಗಬಹುದು. ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತವು 1994ರಲ್ಲಿ ಈ ಬಗ್ಗೆ ವೈದ್ಯರಿಗೆ ಎಚ್ಚರಿಕೆಯ ಪ್ರಕಟಣೆಯನ್ನು ಹೊರಡಿಸಿತು. ಗುರುತು ಕೂಡಲೇ ಕಾಣದೆ ಕೆಲವು ದಿನ ಅಥವಾ ವಾರಗಳ ಮೇಲೆ ಕಾಣಿಸುವುದರಿಂದ, ದೀರ್ಘ ಚಿಕಿತ್ಸೆ ಪಡೆದವರು ಬೆನ್ನು, ಕಂಕುಳಿನ ಕೆಳಭಾಗ ಮೊದಲಾದೆಡೆ ಕೆಂಪಾಗಿದೆಯೇ ಎಂದು ಮನೆಯವರಿಂದ ನೋಡಿಸಿಕೊಳ್ಳುವುದು ಒಳ್ಳೆಯದು. ಹಾಗೆ ಕಂಡರೆ ಚರ್ಮವೈದ್ಯರಿಗೆ ‘ಇಂತಹ ದಿನ ಆಂಜಿಯೋಪ್ಲಾಸ್ಟಿ ಆಗಿತ್ತು’ ಎಂದು ಹೇಳಲೇಬೇಕು. ಇಲ್ಲವಾದರೆ ಕಾರಣ ತಿಳಿಯದೆ ಬರಿಯ ಮುಲಾಮಿನಲ್ಲೇ ಕಾಲ ಕಳೆಯುವ ಸಂಭವವಿದೆ.

ಸಿಬ್ಬಂದಿಯವರು ಸೀಸದ ಏಪ್ರನ್ ಧರಿಸಿ ನಿಂತಿರುವಾಗ ತಮಗೇಕೆ ಅದಿಲ್ಲ ಎಂಬ ಪ್ರಶ್ನೆ ಅನೇಕ ರೋಗಿಗಳಲ್ಲಿ ಏಳುತ್ತದೆ. ರೋಗಿಯು ಕಿರಣದ ಎದುರಿಗೆ ಬರುವುದು ಎಂದೋ ಒಮ್ಮೆ; ಸಿಬ್ಬಂದಿಯು ಅದೇ ಕೋಣೆಯಲ್ಲಿ ದಿನವೂ ನಿಲ್ಲಬೇಕು. ಅಲ್ಲದೆ ರೋಗಿಯ ದೇಹದ ಮೇಲಿಟ್ಟ ಸೀಸವು ಚಿತ್ರದೊಳಗೆ ಬಂದರೆ, ಯಂತ್ರವು ಬೆಳಕು ಸಾಲದೆಂದು ತಾನಾಗಿಯೇ ಕಿರಣವನ್ನು ಹೆಚ್ಚಿಸುವುದೂ ಉಂಟು. ಈ ಕಾರಣಗಳಿಂದ ರೋಗಿಗೆ ವಾಡಿಕೆಯಾಗಿ ಸೀಸದ ಹೊದಿಕೆ ಹಾಕುವುದನ್ನು ನಿಲ್ಲಿಸಬಹುದೆಂದು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು 2019ರಲ್ಲಿ ಸಲಹೆ ಮಾಡಿತು. ಹೊದಿಕೆ ಇಲ್ಲದಿರುವುದು ಅಸಡ್ಡೆಯ ಗುರುತಲ್ಲ.

ಗರ್ಭಿಣಿಯರು ಮತ್ತು ಮಕ್ಕಳು

ಗರ್ಭಿಣಿಯಾಗಿರುವ ಸಂಭವವಿದ್ದಲ್ಲಿ ಪರೀಕ್ಷೆಗೆ ಮುನ್ನವೇ ಹೇಳಬೇಕು. ಮುಟ್ಟು ನಿಂತ ದಿನವನ್ನು ಅಪರಿಚಿತರ ಮುಂದೆ ಹೇಳಲು ಸ್ತ್ರೀಯರು, ವಿಶೇಷವಾಗಿ ಹೊಸದಾಗಿ ಮದುವೆಯಾದವರು, ಸಂಕೋಚಪಡುವುದುಂಟು. ಈ ಸಂಕೋಚವನ್ನು ಬಿಡುವುದೇ ಶ್ರೇಯಸ್ಕರ. ಅವಸರವಿಲ್ಲದ ಪರೀಕ್ಷೆಯಾದರೆ ಮುಂದೂಡಬಹುದು. ಇಲ್ಲವೆ ಅಲ್ಟ್ರಾಸೌಂಡಿನಂತಹ ಬೇರೆ ಮಾರ್ಗವನ್ನು ನೋಡಬಹುದು. ಅಂಡನಾಳಗಳ ಪರೀಕ್ಷೆಯನ್ನು ಮುಟ್ಟು ನಿಂತ ಮೇಲೆ, ಋತುಚಕ್ರದ ಮೊದಲ ಹತ್ತು ದಿನಗಳೊಳಗೆ ನಡೆಸುವುದು ಇದೇ ಕಾರಣಕ್ಕಾಗಿ.

ಗರ್ಭ ನಿಂತಿರುವುದು ತಿಳಿಯದೆ ಪರೀಕ್ಷೆ ನಡೆದುಹೋಗಿದ್ದರೆ ಗಾಬರಿಯಿಂದ ಗರ್ಭಪಾತದ ನಿರ್ಧಾರಕ್ಕೆ ಬರಬಾರದು. ಪಿಂಡಕ್ಕೆ ತಗಲಿದ ಪ್ರಮಾಣವು 100 ಮಿಲಿಗ್ರೇಗಿಂತ ಕಡಿಮೆಯಿದ್ದಲ್ಲಿ ಅದೊಂದೇ ಕಾರಣಕ್ಕಾಗಿ ಗರ್ಭವನ್ನು ತೆಗೆಸಬೇಕಾಗಿಲ್ಲವೆಂದು ಅಂತರರಾಷ್ಟ್ರೀಯ ಆಯೋಗವು 2000ದಲ್ಲಿ ಸ್ಪಷ್ಟಪಡಿಸಿದೆ. ರೋಗನಿರ್ಣಯಕ್ಕಾಗಿ ಸರಿಯಾಗಿ ನಡೆಸಿದ ಪರೀಕ್ಷೆಗಳಲ್ಲಿ ಬಹುಪಾಲು ಈ ಮಿತಿಗಿಂತ ಬಹಳ ಕೆಳಗಿರುತ್ತವೆ. ಪರೀಕ್ಷೆಯ ವಿವರವನ್ನು ತಂದು ತಜ್ಞರ ಸಲಹೆ ಪಡೆಯುವುದು ಸರಿಯಾದ ಮಾರ್ಗ.

ಮಕ್ಕಳ ದೇಹವು ಬೆಳೆಯುತ್ತಿರುವುದರಿಂದ ಅವರಿಗೆ ಕಿರಣವು ಹೆಚ್ಚು ನಾಟುತ್ತದೆ. ಮುಂದೆ ಬಾಳಬೇಕಾದ ವರ್ಷಗಳೂ ಹೆಚ್ಚು. ಆದುದರಿಂದ ಮಕ್ಕಳ ಗಾತ್ರಕ್ಕೆ ತಕ್ಕಂತೆ ಪ್ರಮಾಣವನ್ನು ಇಳಿಸಬೇಕು. ಮಗುವನ್ನು ಹಿಡಿದುಕೊಳ್ಳಲು ತಂದೆ ಅಥವಾ ತಾಯಿ ಒಳಗೆ ನಿಲ್ಲುವುದಾದರೆ ಅವರು ಸೀಸದ ಏಪ್ರನ್ ಧರಿಸಬೇಕು; ಗರ್ಭಿಣಿಯಾದ ತಾಯಿಯ ಬದಲು ಮನೆಯ ಬೇರೊಬ್ಬರು ನಿಲ್ಲಬೇಕು. ‘ಸುಮ್ಮನೆ ಫೋಟೋ ತೆಗೆಯುತ್ತಾರೆ’ ಎಂದು ಸುಳ್ಳು ಹೇಳಿ ಕರೆದೊಯ್ದ ಮಗು ಒಳಗೆ ನಳಿಗೆಯನ್ನು ಕಂಡು ಚೀರುತ್ತದೆ. ಅಲುಗಾಡಿದ ಮಗುವಿನ ಚಿತ್ರವನ್ನು ಮತ್ತೆ ತೆಗೆಯಬೇಕಾಗುತ್ತದೆ. ಅದರ ವಯಸ್ಸಿಗೆ ತಕ್ಕಂತೆ ನಿಜವನ್ನೇ ಹೇಳುವುದು ಮೇಲು.

ರೋಗಿಯು ಹೇಳಬೇಕಾದುದು, ಕೇಳಬೇಕಾದುದು

ಮೇಲಿನ ವಿವರಗಳ ಸಾರವನ್ನು ಹೀಗೆ ಸಂಗ್ರಹಿಸಬಹುದು. ರೋಗಿಯು ಹೇಳಬೇಕಾದವು: ಗರ್ಭದ ಸಂಭವ, ಹಿಂದೆ ಒಗ್ಗದ ಔಷಧಿ, ಉಬ್ಬಸ, ಸಕ್ಕರೆ ಕಾಯಿಲೆ, ಮೂತ್ರಪಿಂಡ ಮತ್ತು ಥೈರಾಯ್ಡ್ ತೊಂದರೆಗಳು, ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳು, ಇತ್ತೀಚಿನ ಶಸ್ತ್ರಕ್ರಿಯೆ, ಹಿಂದೆ ನಡೆದ ಕ್ಷ-ಕಿರಣ ಪರೀಕ್ಷೆಗಳು. ಕೇಳಬೇಕಾದವು: ಈ ಪರೀಕ್ಷೆಯಿಂದ ಚಿಕಿತ್ಸೆಗೆ ಯಾವ ಪ್ರಯೋಜನವಾಗುತ್ತದೆ, ಕಿರಣವಿಲ್ಲದ ಬೇರೆ ಮಾರ್ಗವಿದೆಯೇ, ಹಳೆಯ ಚಿತ್ರವೇ ಸಾಕಾಗುವುದೇ, ಎಷ್ಟು ಹೊತ್ತು ಉಪವಾಸವಿರಬೇಕು, ಮನೆಗೆ ಹೋದ ಮೇಲೆ ಯಾವ ಲಕ್ಷಣಕ್ಕೆ ಮರಳಿ ಬರಬೇಕು. ಇವನ್ನು ವಿನಯದಿಂದ ಕೇಳಿದರೆ ಯಾವ ವೈದ್ಯರ ಗೌರವಕ್ಕೂ ಕುಂದಿಲ್ಲ. ಭಾರತದಲ್ಲಿ ಕ್ಷ-ಕಿರಣ ಯಂತ್ರಗಳಿಗೆ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಅಗತ್ಯ. ಇದನ್ನು ವಿಚಾರಿಸುವ ಹಕ್ಕೂ ರೋಗಿಗಿದೆ.

ವರದಿ, ಚಿತ್ರಗಳನ್ನು ಒಂದು ಚೀಲದಲ್ಲಿ ತಾರೀಖಿನ ಕ್ರಮದಲ್ಲಿ ಜೋಪಾನವಾಗಿಟ್ಟು, ಯಾವ ಊರಿನ ಆಸ್ಪತ್ರೆಗೆ ಹೋದರೂ ಜೊತೆಗೆ ಒಯ್ಯುವ ಅಭ್ಯಾಸವು ಅತ್ಯಂತ ಉಪಯುಕ್ತ. ಹಳೆಯ ಚಿತ್ರ ಕೈಯಲ್ಲಿದ್ದರೆ ಅನೇಕ ಸಲ ಹೊಸ ಪರೀಕ್ಷೆಯೇ ಬೇಕಾಗುವುದಿಲ್ಲ. ಕಿರಣವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಪರೀಕ್ಷೆ ಮುಗಿದ ಮೇಲೆ ಕಿರಣವು ದೇಹದಲ್ಲಿ ಉಳಿಯುತ್ತದೆ, ಮುಟ್ಟಿದವರಿಗೆ ಅಂಟುತ್ತದೆ ಎಂಬ ಭಾವನೆ ನಿರಾಧಾರವಾದುದು. ದೀಪ ಆರಿಸಿದೊಡನೆ ಬೆಳಕು ಇಲ್ಲವಾಗುವಂತೆ, ಗುಂಡಿಯಿಂದ ಕಾಲೆತ್ತಿದೊಡನೆ ಕಿರಣವೂ ಇಲ್ಲವಾಗುತ್ತದೆ. ಮನೆಗೆ ಹಿಂದಿರುಗಿದ ಅಜ್ಜನು ಮೊಮ್ಮಗುವನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲ.

ಹಳ್ಳಿಗಳಿಂದ ನಗರದ ಆಸ್ಪತ್ರೆಗೆ ಬರುವ ರೋಗಿಗಳ ಜೊತೆಯಲ್ಲಿ ಓದುಬರಹ ಬಲ್ಲವರೊಬ್ಬರು ಬರುವುದು ವಾಡಿಕೆ. ಹಲವು ವೇಳೆ ಅವರು ಊರಿನ ಉಪಾಧ್ಯಾಯರು ಅಥವಾ ಶಾಲೆಯಲ್ಲಿ ಕಲಿತು ಮುಂದೆ ಬಂದ ತರುಣರು. ಚೀಟಿಯನ್ನು ಓದುವುದು, ಸರದಿಯಲ್ಲಿ ನಿಲ್ಲುವುದು, ಹಣ ಕಟ್ಟುವುದು ಇವಿಷ್ಟಕ್ಕೇ ಅವರ ಸಹಾಯ ಮುಗಿಯಬಾರದು. ರೋಗಿಯು ಹೇಳಲು ಅಂಜುವುದನ್ನು ಹೇಳಿಸುವುದು, ಕೇಳಲು ನಾಚುವುದನ್ನು ಕೇಳಿಸುವುದು, ವೈದ್ಯರ ಮಾತನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳುವುದು ಅವರಿಂದ ಆಗಬೇಕಾದ ನಿಜವಾದ ಸೇವೆ. ರಾಂಟ್‌ಜನ್ ಅವರ ಪರದೆ ಮಿನುಗಿ ಶತಮಾನ ಮೀರಿದೆ. ಕತ್ತಲೆಯ ಕೋಣೆ ಹೋಗಿ ಬೆಳಗುವ ತೆರೆ ಬಂದಿದೆ. ಆದರೂ ಮೇಜಿನ ಮೇಲೆ ಮಲಗಿದ ವ್ಯಕ್ತಿಯು ಬಾಯಿಬಿಟ್ಟು ಹೇಳುವ ಎರಡು ಮಾತಿನ ಬೆಲೆ ಅಂದಿನಂತೆ ಇಂದಿಗೂ ಕುಂದಿಲ್ಲ.